ಮರದ ಹಾಲಿನ ಹಾಸಿಗೆ

ನನ್ನ ಹೆಂಡತಿ ಬಸ್ ಓಡಿಸುತ್ತಾಳೆ. ನಾನು ನಿದ್ದೆಯಲ್ಲಿ ಹೊರಳಾಡುತ್ತೇನೆ. ಇವೆರಡೂ ಒಂದೇ ಮಂಚಕ್ಕೆ ಆಗಿಬರುವುದಿಲ್ಲ ಎಂದು ಮದುವೆಗೆ ಮುಂಚೆ ಯಾವ ಹಿರಿಯರೂ ನನಗೆ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಅವಳ ಪಾಲಿಗೆ ಬಂದಿರುವುದು ಊರಿನ ಮೊದಲ ಬಸ್ಸು. ಬೆಳಗಿನ ಐದಕ್ಕೆ ಡಿಪೋ ಬಿಡಬೇಕು. ಅಂದಮೇಲೆ ರಾತ್ರಿ ಎಂಟೂವರೆಗೆಲ್ಲ, ಬೀದಿಯ ಮಕ್ಕಳು ಇನ್ನೂ ಚೆಂಡಾಡುತ್ತಿರುವಾಗಲೇ, ಮಲಗಬೇಕು. ಅವಳ ಜೊತೆಗೇ ನಾನೂ ಮಲಗುತ್ತೇನೆ. (ಆಮೇಲೆ ಹೋದರೆ ಮಂಚ ಕಿರ್ರೆಂದು ಅವಳಿಗೆ ಎಚ್ಚರವಾಗುತ್ತದೆ. ಅರೆನಿದ್ದೆಯಲ್ಲಿ ಎದ್ದ ಬಸ್ ಡ್ರೈವರಿಗೆ ಎದುರಾಗಬಾರದು ಎಂಬ ನಿಯಮ ರಸ್ತೆಗೆ ಎಷ್ಟು ಸಲ್ಲುತ್ತದೋ ಮನೆಗೂ ಅಷ್ಟೇ ಸಲ್ಲುತ್ತದೆ.) ಮಲಗಿದ ಮೇಲೆ ನನ್ನ ಕಾರ್ಯಕ್ರಮ ಶುರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಬೋರಲಾಗಿ ಒಮ್ಮೆ, ಹೊದಿಕೆ ಎಲ್ಲಿ ಹೋಯಿತೆಂದು ಒಮ್ಮೆ. ಇದೆಲ್ಲ ನನಗೆ ಗೊತ್ತಾಗುವುದಿಲ್ಲ. ಅವಳು ಬೆಳಿಗ್ಗೆ ಹೇಳಿದಾಗಲೇ ತಿಳಿಯುವುದು.

ಇದಕ್ಕೆ ತಕ್ಕಂತೆ ನಮ್ಮ ಹಳೆಯ ಫೋಮ್ ಹಾಸಿಗೆಯ ನಟ್ಟನಡುವೆ ಒಂದು ಗುಂಡಿ ಬಿದ್ದಿತ್ತು. ಎರಡು ದಡಗಳಲ್ಲಿ ಮಲಗಿದವರು ಹತ್ತು ನಿಮಿಷದೊಳಗೆ ಗುಂಡಿಯಲ್ಲಿ ಭೇಟಿಯಾಗುತ್ತಿದ್ದೆವು. ಮೊದಮೊದಲು ಇದನ್ನು ಅನ್ಯೋನ್ಯ ದಾಂಪತ್ಯ ಎಂದುಕೊಂಡಿದ್ದೆವು. ಆಮೇಲೆ ಅದು ಗುಂಡಿ ಎಂದು ತಿಳಿಯಿತು.

ಒಂದು ಸಂಜೆ ಊಟದ ಹೊತ್ತಿಗೆ ಅವಳು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದಳು. ಅವಳು ತಟ್ಟೆ ಸರಿಸಿದಳೆಂದರೆ ಮಾತು ಗಂಭೀರ.

"ಇವತ್ತು ಸಿಗ್ನಲ್ಲಲ್ಲಿ ಹಸಿರು ಬಂತು, ಹೋಯ್ತು. ಮತ್ತೆ ಬಂತು, ಮತ್ತೆ ಹೋಯ್ತು. ನಾನು ಸ್ಟೇರಿಂಗ್ ಹಿಡ್ಕೊಂಡು ಹಾಗೇ ಕೂತಿದ್ದೆ. ಮುಂದಿನ ಸೀಟಲ್ಲಿದ್ದ ಅಜ್ಜಿ ಎದ್ದುಬಂದು ಭುಜ ತಟ್ಟಿ, 'ನಾನು ಇಳಿದು ನಡ್ಕೊಂಡು ಹೋಗ್ಲಾ ಮಗಳೇ' ಅಂದ್ರು."

ನಾನು ನಕ್ಕೆ.

"ನಗೋ ವಿಷಯ ಅಲ್ಲ. ಬಸ್ಸಲ್ಲಿ ನಲವತ್ತು ಜನ ಇದ್ರು. ಬಸ್ ನಿಂತಿತ್ತು, ಸರಿ. ಓಡ್ತಾ ಇದ್ದಿದ್ರೆ?"

ನನ್ನ ನಗು ಅರ್ಧಕ್ಕೇ ನಿಂತಿತು.

"ಹೊಸ ಡ್ಯೂಟಿ ಪಟ್ಟಿ ಬರೋಕೆ ಇನ್ನು ಐದು ವಾರ ಇದೆ," ಎಂದಳು. "ಅಷ್ಟರಲ್ಲಿ ನನಗೆ ಸರಿಯಾಗಿ ನಿದ್ದೆ ಬರೋ ಹಾಗಾದ್ರೆ ಸರಿ. ಇಲ್ಲ ಅಂದ್ರೆ ನಾನು ಅತ್ತೆ ರೂಮಲ್ಲಿ ಮಲಗ್ತೀನಿ. ಒಂದೆರಡು ದಿನಕ್ಕಲ್ಲ, ಖಾಯಮ್ಮಾಗಿ."

"ಕಿಟಕಿ ಪಕ್ಕ ಜಾಗ ಇದೆ," ಎಂದಳು ನನ್ನ ಅಮ್ಮ, ಕೇಳಿದವರಿಲ್ಲದಿದ್ದರೂ. "ನಾನಾಗಲೇ ಟ್ರಂಕು ಸರಿಸಿದ್ದೀನಿ."

ಅತ್ತೆ ಸೊಸೆ ಜಗಳವಾಡುವ ಮನೆಗಳು ಲೋಕದಲ್ಲಿ ಬೇಕಾದಷ್ಟಿವೆಯಂತೆ. ಆ ಮನೆಗಳ ಗಂಡಸರು ಪುಣ್ಯವಂತರು. ನಮ್ಮ ಮನೆಯಲ್ಲಿ ಇಬ್ಬರೂ ಒಂದು ಪಕ್ಷ, ನಾನೊಬ್ಬ ವಿರೋಧ ಪಕ್ಷ. ಟ್ರಂಕು ಸರಿಸಿಯೇ ಆಗಿತ್ತು. ಇಪ್ಪತ್ತಮೂರು ವರ್ಷ ಅವಳ ಉಸಿರಾಟ ಕೇಳುತ್ತಾ ನಿದ್ದೆ ಹೋದವನು ನಾನು. ಗೋಡೆಯ ಆಚೆ ಅವರಿಬ್ಬರು ಹಾಯಾಗಿ ಮಲಗಿರುವುದು, ಈಚೆ ನಾನೊಬ್ಬನೇ ಗುಂಡಿಯಲ್ಲಿ ಬಿದ್ದಿರುವುದು, ಇದು ನನಗೆ ಬೇಡವೇ ಬೇಡ ಅನ್ನಿಸಿತು. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. "ಹಾಸಿಗೆ ಬದಲಾಯಿಸೋಣ," ಎಂದಷ್ಟೇ ಹೇಳಿದೆ.

ಈಗ ನನ್ನ ಉದ್ಯೋಗದ ವಿಷಯ ಹೇಳಬೇಕು. ನಾನು ತೂಕ ಮತ್ತು ಅಳತೆ ಇಲಾಖೆಯ ಪರೀಕ್ಷಕ. ಅಂಗಡಿಗಳಿಗೆ ಹೋಗಿ ತಕ್ಕಡಿ ಸರಿಯಾಗಿದೆಯೇ, ತೂಕದ ಬಟ್ಟು ಸವೆದಿದೆಯೇ, ಮೀಟರ್ ಕೋಲು ಗಿಡ್ಡವಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ಯಾರನ್ನೂ ನಂಬದೆ ಇರುವುದಕ್ಕೆ ಸರಕಾರ ನನಗೆ ಸಂಬಳ ಕೊಡುತ್ತದೆ. ಅಂಥವನು ಒಂದು ಹಾಸಿಗೆಯನ್ನು ಅರ್ಥ ಮಾಡಿಕೊಳ್ಳದೆ ಕೊಳ್ಳುವುದುಂಟೆ?

ಪೇಟೆಯ ಹಾಸಿಗೆ ಅಂಗಡಿಯವರು ನನ್ನನ್ನು ಕಂಡವರೇ ಎದ್ದು ನಿಂತು, ಅಳತೆ ಪಟ್ಟಿಯನ್ನೂ ಲೈಸೆನ್ಸನ್ನೂ ಮೇಜಿನ ಮೇಲಿಟ್ಟು ಕೈಕಟ್ಟಿದರು.

"ಇವತ್ತು ನಾನು ಗಿರಾಕಿ," ಎಂದೆ.

ಅವರು ನಂಬಲಿಲ್ಲ. ಆದರೂ ನನ್ನ ಸಮಸ್ಯೆ ಕೇಳಿಕೊಂಡು ಒಳಗಿನ ಕೋಣೆಗೆ ಕರೆದೊಯ್ದು, ಬೆಣ್ಣೆಯ ಬಣ್ಣದ ಒಂದು ದಪ್ಪ ಹಾಸಿಗೆಯನ್ನು ತೋರಿಸಿದರು. ಮೈತುಂಬಾ ಬೆರಳು ಹೋಗುವಂಥ ತೂತುಗಳು.

"ಇದು ನ್ಯಾಚುರಲ್ ಲ್ಯಾಟೆಕ್ಸ್ ಸಾರ್, ರಬ್ಬರ್ ಮರದ ಹಾಲಿಂದ ಮಾಡಿದ್ದು. ಒಬ್ಬರು ಒಂದು ಕಡೆ ಹೊರಳಾಡಿದ್ರೆ ಇನ್ನೊಂದು ಕಡೆ ಮಲಗಿದವರಿಗೆ ಅಲುಗಾಟ ತಲುಪೋದು ಕಡಿಮೆ. ಗುಂಡಿ ಬೀಳೋದೂ ಕಡಿಮೆ. ನೂರಕ್ಕೆ ನೂರು ನ್ಯಾಚುರಲ್."

"ನೂರಕ್ಕೆ ನೂರು ಅಂದ್ರೆ? ಮರದಿಂದ ಹಾಸಿಗೆ ಹೀಗೇ ಇಳಿಯುತ್ತಾ?"

ಅಲ್ಲಿಂದ ಅವರ ಕಷ್ಟಕಾಲ ಶುರುವಾಯಿತು. ಮೊದಲ ದಿನ ಮರದ ವಿಷಯ ಹೇಳಿದರು. ರಬ್ಬರ್ ಮರದ ತೊಗಟೆಯನ್ನು ಬೆಳಗಿನ ತಂಪಿನಲ್ಲಿ ಓರೆಯಾಗಿ, ತೆಳ್ಳಗೆ ಕೊಯ್ಯುತ್ತಾರೆ. ಗಾಯದಿಂದ ಹಾಲು ತೊಟ್ಟಿಕ್ಕುತ್ತದೆ. ಕೆಳಗೆ ಕಟ್ಟಿದ ಬಟ್ಟಲು ತುಂಬುತ್ತದೆ. ಎರಡನೆಯ ದಿನ ಅಮೋನಿಯಾ. ಹಾಲು ಗಟ್ಟಿಯಾಗದಂತೆ ಅದನ್ನು ಬೆರೆಸಬೇಕು. ಮೂರನೆಯ ದಿನ ಗಂಧಕ ಮತ್ತು ಸೋಪು. ಹಾಲು ರಬ್ಬರಾಗಿ ಬಲಿಯಲು ಗಂಧಕ, ನೊರೆ ಬರಲು ಸೋಪು. ಎಲ್ಲ ಸೇರಿಸಿ ಕಡೆದು ಕಡೆದು ನೊರೆ ಎಬ್ಬಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನ ತುಂಬ ಸಾಲಾಗಿ ಲೋಹದ ಕಡ್ಡಿಗಳಿರುತ್ತವೆ. ಆವಿಯ ಬಿಸಿ ಆ ಕಡ್ಡಿಗಳ ಮೂಲಕ ನೊರೆಯ ಹೊಟ್ಟೆಯೊಳಗೂ ತಲುಪಿ ಅದನ್ನು ಬೇಯಿಸುತ್ತದೆ. ಕಡ್ಡಿ ತೆಗೆದ ಜಾಗವೇ ಈ ತೂತುಗಳು. ಆಮೇಲೆ ಸೋಪು ಹೋಗುವ ತನಕ ತೊಳೆದು ಒಣಗಿಸಬೇಕು. ಕೆಲವರು ಅಚ್ಚಿನಲ್ಲಿ ಗಾಳಿ ಎಳೆದು, ನೊರೆಯನ್ನು ಹೆಪ್ಪುಗಟ್ಟಿಸಿ, ಆಮೇಲೆ ಬೇಯಿಸುವುದೂ ಉಂಟಂತೆ. ಅದಕ್ಕೆ ಇನ್ನೂ ಒಂದು ದಿನ ಬೇಕಾಯಿತು.

"ಹಾಗಾದ್ರೆ ಗಂಧಕ, ಸೋಪು ಎಲ್ಲ ಸೇರಿದೆ. ನೂರಕ್ಕೆ ನೂರು ಮರದ ಹಾಲು ಅಂತ ಹೇಗೆ ಹೇಳ್ತೀರಿ?" ಎಂದೆ.

"ಸಾರ್, ಅದರಲ್ಲಿರೋ ರಬ್ಬರೆಲ್ಲ ಮರದ್ದು, ಪೆಟ್ರೋಲಿನದು ಬೆರೆಸಿಲ್ಲ ಅಂತ ಅರ್ಥ. ಉಳಿದ ಸಾಮಾನು ನೂರರಲ್ಲಿ ನಾಲ್ಕೈದು ಪಾಲು ಇದ್ದೇ ಇರುತ್ತೆ." ಅವರು ಹಣೆ ಒರೆಸಿಕೊಂಡರು. "ನೀವು ಕೊಳ್ಳೋಕೆ ಬಂದಿದೀರೋ, ಕೇಸ್ ಹಾಕೋಕೆ ಬಂದಿದೀರೋ, ಅದೊಂದು ಹೇಳಿಬಿಡಿ."

ಐದನೆಯ ದಿನ ನಾನು ಬೀದಿಯ ತಿರುವಿನಲ್ಲಿ ಕಾಣುತ್ತಲೇ ಅವರು ಅರ್ಧ ಬಾಗಿಲು ಎಳೆದಿದ್ದರು. ಆದರೆ ನನ್ನ ನೋಟ್‌ಬುಕ್ಕು ಆಗಲೇ ತುಂಬಿತ್ತು. ತೊಗಟೆಯಿಂದ ಹಿಡಿದು ಹಾಸಿಗೆಯ ಕೆಳಗೆ ಇರಬೇಕಾದ ಸಂದಿಬಿಟ್ಟ ಹಲಗೆಗಳವರೆಗೆ ಎಲ್ಲವೂ ನನಗೆ ಕಂಠಪಾಠ. ನಾನು ಕೊಂಡೆ. ಅವರ ಮುಖದಲ್ಲಿ ಆಗ ಕಂಡ ನೆಮ್ಮದಿಯನ್ನು ಲಾಭ ಬಂದವರ ಮುಖದಲ್ಲೂ ನಾನು ಕಂಡಿಲ್ಲ.

ವಿದ್ಯೆಯನ್ನು ಬಚ್ಚಿಟ್ಟುಕೊಳ್ಳಬಾರದು ಎಂಬ ಹಿರಿಯರ ಮಾತಿಗೆ ತಲೆಬಾಗಿ, ಹಾಸಿಗೆ ಬರುವ ಮುಂಚೆಯೇ ನಾನು ಮನೆಯವರನ್ನು ಸಿದ್ಧಗೊಳಿಸತೊಡಗಿದೆ. ಮಧ್ಯಾಹ್ನದ ಊಟವಾದ ಮೇಲೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೊದಲಿನಿಂದ ವಿವರಿಸಿದೆ.

"ಮರಕ್ಕೆ ಗಾಯ ಮಾಡಿ, ಹಾಲು ಕದ್ದು, ಅದಕ್ಕೆ ಸೋಪು ಹಾಕಿ, ಬೇಯಿಸಿ, ಅದರ ಮೇಲೆ ಮಲಗಬೇಕಾ?" ಎಂದು ಅಮ್ಮ ಕೇಳಿದಳು. "ನಲವತ್ತು ವರ್ಷದಿಂದ ನಾನು ಹತ್ತಿ ಹಾಸಿಗೆ ಮೇಲೆ ಮಲಗ್ತಿದ್ದೀನಿ. ಹತ್ತಿ ಹೂ ಬಿಡುತ್ತೆ, ನಾವು ತಗೋತೀವಿ. ಅಷ್ಟೇ."

"ಅಚ್ಚಿನ ವಿಷಯ ಕೇಳು ಮೊದಲು," ಎಂದು ಮುಂದುವರಿಸಿದೆ. ಅಮ್ಮ ಕಣ್ಣುಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳತೊಡಗಿದಳು. ವಯಸ್ಸಾದವರು ವಿಷಯವನ್ನು ಹೀಗೆ ಏಕಾಗ್ರತೆಯಿಂದ ಗ್ರಹಿಸುವುದನ್ನು ಕಂಡು ನನಗೆ ಗೌರವ ಮೂಡಿತು.

ಹಾಸಿಗೆ ಬಂದ ದಿನದ ಕಥೆಯನ್ನು ಉದ್ದ ಮಾಡುವುದಿಲ್ಲ. ಲ್ಯಾಟೆಕ್ಸ್ ಭಾರ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವನಿಗೆ ಅದು ಎಷ್ಟು ಭಾರ ಎಂದು ಮೆಟ್ಟಿಲ ತಿರುವಿನಲ್ಲಿ ತಿಳಿಯಿತು. ಒಂದು ತುದಿ ಎತ್ತಿದರೆ ನಡು ಜೋತುಬೀಳುತ್ತದೆ, ನಡು ಎತ್ತಿದರೆ ಎರಡು ತುದಿಗಳೂ ಕಾಲಿಗೆ ತೊಡರುತ್ತವೆ. ಮೂರ್ಛೆ ಹೋದ ನೆಂಟರನ್ನು ಮಹಡಿಗೆ ಸಾಗಿಸಿದ ಹಾಗಾಯಿತು. ಕೊನೆಗೆ ಮಂಚದ ಮೇಲೆ ಇಳಿಸಿದಾಗ ಹಾಸಿಗೆ ಎರಡೂ ಕಡೆ ನಾಲ್ಕು ಬೆರಳು ಹೊರಚಾಚಿತ್ತು. ನಾನು ಮಂಚದ ಒಳ ಅಳತೆಯ ಬದಲು ಹೊರ ಅಳತೆ ತೆಗೆದಿದ್ದೆ.

"ಊರಿಗೆಲ್ಲ ಅಳತೆ ಹೇಳೋರು," ಎಂದಳು ಹೆಂಡತಿ. "ದೀಪದ ಬುಡದಲ್ಲಿ ಕತ್ತಲೆ."

"ಇದು ಅದುಮಿದರೆ ಕುಗ್ಗುತ್ತೆ. ಅದೇ ಇದರ ಗುಣ," ಎಂದು ಹೇಳಿ ಮೊಣಕಾಲಿನಿಂದ ಒತ್ತಿ ಕೂರಿಸಿದೆ. ಕೂತಿತು. ಬಳಿಕ ಅವಳ ಕಡೆಯಲ್ಲಿ ಒಂದು ತಟ್ಟೆಯ ಮೇಲೆ ಲೋಟ ತುಂಬ ನೀರಿಟ್ಟು, ನನ್ನ ಕಡೆಗೆ ಇಲಾಖೆಯ ಐದು ಕಿಲೋ ಬಟ್ಟನ್ನು ಎತ್ತಿ ಹಾಕಿದೆ. ನೀರು ಸ್ವಲ್ಪ ನಡುಗಿತು, ಚೆಲ್ಲಲಿಲ್ಲ. ನಾನು ಗೆದ್ದವನಂತೆ ಸುತ್ತ ನೋಡಿದೆ. ಅಮ್ಮ ಮೂಗು ಮುಚ್ಚಿಕೊಂಡಿದ್ದಳು.

"ಏನೋ ಇದು ವಾಸನೆ?"

"ಹೊಸದರಲ್ಲಿ ಇರುತ್ತೆ. ಗಾಳಿಗೆ ಹೋಗುತ್ತೆ," ಎಂದೆ.

ಮರುದಿನ ಮಧ್ಯಾಹ್ನ ಕಚೇರಿಯಿಂದ ಊಟಕ್ಕೆ ಬರುವಾಗ ಬೀದಿಯ ಕೊನೆಯಿಂದಲೇ 'ಧಪ್, ಧಪ್' ಎಂಬ ಸದ್ದು ಕೇಳಿಸಿತು. ಸದ್ದು ನಮ್ಮ ತಾರಸಿಯಿಂದ ಬರುತ್ತಿತ್ತು. ಹತ್ತಿ ನೋಡಿದರೆ ನನ್ನ ಲ್ಯಾಟೆಕ್ಸು ಹೊದಿಕೆ ಬಿಚ್ಚಿಸಿಕೊಂಡು, ಉರಿಬಿಸಿಲಿನಲ್ಲಿ, ಕಟ್ಟೆಯ ಮೇಲೆ ಜೋತುಬಿದ್ದಿತ್ತು. ಬೆಳಗಿನ ಬಸ್ ಮುಗಿಸಿ ಬಂದ ಸೊಸೆಯೂ ಅತ್ತೆಯೂ ಸೇರಿ ಹೊತ್ತು ತಂದಿದ್ದರು. ಅಮ್ಮ ಸೆರಗು ಬಿಗಿದು, ಹಾಸಿಗೆ ಬಡಿಯುವ ಬೆತ್ತ ಹಿಡಿದು ನಿಂತಿದ್ದಳು. ಅವಳು ಒಂದು ಏಟು ಹಾಕಿದರೆ ಬೆತ್ತ ಅಷ್ಟೇ ವೇಗದಲ್ಲಿ ವಾಪಸು ಬಂದು ಅವಳ ಹೆಗಲು ದಾಟಿ ಹಿಂದಕ್ಕೆ ಹೋಗುತ್ತಿತ್ತು. ಅಮ್ಮ ಸಿಟ್ಟಿಗೆದ್ದಿದ್ದಳು. ಅವಳ ಆಯುಷ್ಯದಲ್ಲಿ ತಿರುಗಿಬಿದ್ದ ಮೊದಲ ಹಾಸಿಗೆ ಅದು.

"ಅಮ್ಮಾ, ಇದಕ್ಕೆ ಬಿಸಿಲು ಆಗಲ್ಲ. ಬಿಸಿಲಿಗೆ ಹಳದಿಯಾಗಿ ಪುಡಿಪುಡಿ ಆಗುತ್ತೆ. ಮೊನ್ನೆ ಊಟ ಆದ್ಮೇಲೆ ಹೇಳಿದ್ದೆ."

"ಯಾವಾಗ ಹೇಳಿದೆ?"

"ತೊಳೆದು ಒಣಗಿಸೋ ವಿಷಯ ಆದ್ಮೇಲೆ."

"ತೊಳೀತಾರಾ ಅದನ್ನ?" ಎಂದು ಅಮ್ಮ ಆಶ್ಚರ್ಯಪಟ್ಟಳು. ನಂತರ ಬೆತ್ತ ಊರಿಕೊಂಡು ನಿಂತು ಕೇಳಿದಳು, "ಅಲ್ಲಾ, ಮರ ಬೆಳೆದಿದ್ದು ಬಿಸಿಲಲ್ಲೇ ತಾನೇ? ಆಗ ಪುಡಿ ಆಗ್ಲಿಲ್ವಾ?"

ನಾನು ನೋಟ್‌ಬುಕ್ಕು ತೆಗೆದು ಈ ಪ್ರಶ್ನೆಯನ್ನು ಬರೆದುಕೊಂಡೆ. ಮೂವರೂ ಸೇರಿ ಹಾಸಿಗೆಯನ್ನು ಒಳಗೆ ಸಾಗಿಸಿದೆವು. ಒಂದು ಮಧ್ಯಾಹ್ನದ ಬಿಸಿಲಿಗೆ ಅದಕ್ಕೆ ಏನೂ ಆಗಿರಲಿಲ್ಲ. ಅಮ್ಮನ ಹೆಗಲಿಗೆ ಮಾತ್ರ ಎರಡು ದಿನ ಎಣ್ಣೆ ಹಚ್ಚಬೇಕಾಯಿತು.

ಆ ಸಂಜೆ ನನಗೊಂದು ವಿಚಾರ ಹೊಳೆಯಿತು. ತಾನು ಯಾವುದರ ಮೇಲೆ ಮಲಗಿದ್ದೇನೆ ಎಂದು ತಿಳಿಯದೆ ಹೋದರೆ ಹೆಂಡತಿಗೆ ಈ ಹಾಸಿಗೆಯ ಬೆಲೆ ಹೇಗೆ ತಿಳಿದೀತು? ಎಂಟೂವರೆಗೆ ದೀಪ ಆರಿಸಿ ಇಬ್ಬರೂ ಮಲಗಿದ ಮೇಲೆ, ನಾನು ಅಂಗಾತನಾಗಿ, ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಶುರುಮಾಡಿದೆ.

"ಲ್ಯಾಟೆಕ್ಸ್ ಎಂದರೆ ಮೂಲತಃ ರಬ್ಬರ್ ಮರದ ಹಾಲು. ತೊಗಟೆಯನ್ನು ಓರೆಯಾಗಿ ಕೊಯ್ದಾಗ..."

"ಹೂಂ," ಎಂದಳು.

"...ಅದು ಬಟ್ಟಲಿಗೆ ಇಳಿಯುತ್ತದೆ. ಗಟ್ಟಿಯಾಗದಿರಲಿ ಎಂದು ಅಮೋನಿಯಾ..."

"ಹೂಂ."

ಗಂಧಕದ ಹತ್ತಿರ ಒಂದು ಸಣ್ಣ 'ಹೂಂ' ಬಂತು. ಸೋಪಿನ ನೊರೆ ಏಳುವ ಹೊತ್ತಿಗೆ 'ಹೂಂ' ನಿಂತಿತು. ವಿಷಯದಲ್ಲಿ ಲೀನಳಾಗಿಬಿಟ್ಟಿದ್ದಾಳೆ ಎಂದುಕೊಂಡು ನಾನು ಅಚ್ಚು, ಆವಿ, ತೂತು, ತೊಳೆಯುವಿಕೆ, ಹಲಗೆಗಳ ನಡುವಿನ ಸಂದಿ, ಬಿಸಿಲಿನ ದುಷ್ಪರಿಣಾಮ, ಎಲ್ಲವನ್ನೂ ಸಾಂಗವಾಗಿ ಮುಗಿಸಿದೆ. ಮುಗಿಸಿ ನೋಡಿದರೆ ಅವಳು ಮಗುವಿನಂತೆ ನಿದ್ದೆ ಮಾಡುತ್ತಿದ್ದಳು.

ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಅವಳ ಫೋನು ಬಂತು. "ಎಷ್ಟೋ ತಿಂಗಳಾದ್ಮೇಲೆ ನಿದ್ದೆ ಬಂತು ಕಣ್ರೀ," ಎಂದಳು.

ಲ್ಯಾಟೆಕ್ಸಿನ ಮಹಿಮೆ. ನಾನು ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಗೆರೆ ಎಳೆದು ದಾಖಲೆ ಇಡತೊಡಗಿದೆ. ದೀಪ ಆರಿಸಿದ್ದು ಎಂಟು ಮೂವತ್ತು, ನಿದ್ದೆ ಹತ್ತಿದ್ದು ಎಂಟು ಮೂವತ್ತೈದು. ಮರುದಿನ ನಾಲ್ಕೇ ನಿಮಿಷ. ವಾರ ಕಳೆಯುವ ಹೊತ್ತಿಗೆ ಮೂರೂವರೆ. ಹಾಸಿಗೆ ಪಳಗಿದಷ್ಟೂ ಅದರ ಗುಣ ಹೆಚ್ಚುತ್ತದೆ ಎಂಬ ಸಿದ್ಧಾಂತಕ್ಕೆ ನಾನು ಬಂದೆ. ಪ್ರತಿ ರಾತ್ರಿ ಉಪನ್ಯಾಸವನ್ನೂ ತಪ್ಪಿಸಲಿಲ್ಲ. ಅವಳೇ, "ಎಲ್ಲಿ, ಶುರು ಮಾಡಿ," ಎನ್ನುತ್ತಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಯಾವ ಮಾತನ್ನೂ ಅವಳು ಎರಡನೆಯ ಸಲ ಕೇಳಿದವಳಲ್ಲ. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಮಾರನೆಯ ದಿನ ತಕ್ಕಡಿ ಪರೀಕ್ಷೆಯಲ್ಲಿ ಒಬ್ಬ ತರಕಾರಿಯವನನ್ನು ಬರೀ ಎಚ್ಚರಿಕೆ ಕೊಟ್ಟು ಬಿಟ್ಟೆ.

ಮೂರನೆಯ ವಾರ ನಾನು ಎರಡು ದಿನ ಪಕ್ಕದ ಊರಿಗೆ ತಪಾಸಣೆಗೆ ಹೋಗಬೇಕಾಗಿ ಬಂತು. ಹಿಂದಿನ ಸಂಜೆ ಅವಳು ಫೋನ್ ಹಿಡಿದು ಬಂದಳು.

"ಆ ಲ್ಯಾಟೆಕ್ಸ್ ವಿಷಯ ಪೂರ್ತಿ ಒಂದು ಸಲ ಹೇಳಿ. ರೆಕಾರ್ಡ್ ಮಾಡ್ಕೋತೀನಿ."

"ಯಾಕೆ?"

"ಬೇಕು. ಡಿಪೋದಲ್ಲೂ ಇಬ್ಬರು ಮೂವರು ಕೇಳ್ತಿದ್ರು."

ಡಿಪೋದಲ್ಲಿ ಕೇಳುತ್ತಿದ್ದಾರೆ. ನಾನು ಹೋಗಿ ಶರ್ಟು ಬದಲಾಯಿಸಿಕೊಂಡು ಬಂದೆ. (ಧ್ವನಿ ಮಾತ್ರ ರೆಕಾರ್ಡಾಗುವುದು ಎಂದು ಗೊತ್ತಿತ್ತು. ಆದರೂ ಶರ್ಟು ಧ್ವನಿಯಲ್ಲಿ ಕೇಳಿಸುತ್ತದೆ.) ಒಂದು ಲೋಟ ನೀರು ಕುಡಿದು, ಗಂಟಲು ಸರಿಪಡಿಸಿಕೊಂಡು, ಇಪ್ಪತ್ತೆರಡು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಅಚ್ಚಿನ ಹತ್ತಿರ ಒಂದು ಕೆಮ್ಮು ಬಂದದ್ದು ಬಿಟ್ಟರೆ ದೋಷವೇ ಇರಲಿಲ್ಲ.

ನಾನು ಊರಿನಿಂದ ಬಂದ ಮೇಲೆ ಡಿಪೋದ ಸುದ್ದಿಗಳು ಒಂದೊಂದಾಗಿ ಬರತೊಡಗಿದವು. ಎಲ್ಲರೂ ಕೇಳುತ್ತಿದ್ದಾರಂತೆ. ಒಬ್ಬರಿಂದ ಒಬ್ಬರಿಗೆ ಹೋಗಿ ಎಲ್ಲರ ಫೋನಿನಲ್ಲೂ ಇದೆಯಂತೆ. ನಾನು ಹಾಸಿಗೆ ಅಂಗಡಿಗೆ ಹೋಗಿ, ಒಂದು ಡಿಪೋಗೆ ಆಗುವಷ್ಟು ಲ್ಯಾಟೆಕ್ಸ್ ಹಾಸಿಗೆ ತರಿಸಿಡುವಂತೆ ಸೂಚನೆ ಕೊಟ್ಟೆ. ಅಂಗಡಿಯವರು ಮೊದಲ ಬಾರಿಗೆ ನನಗೆ ಕುರ್ಚಿ ಕೊಟ್ಟರು. ನಾಲ್ಕನೆಯ ವಾರ ಡಿಪೋದ ಮೇಲ್ವಿಚಾರಕರೇ ಹೇಳಿಕಳಿಸಿದರು: ನಿಮ್ಮ ಯಜಮಾನರು ಒಮ್ಮೆ ಮಧ್ಯಾಹ್ನ ಬಂದು ಹೋಗಲಿ, ಒಂದು ಮಾತಿದೆ.

ಸನ್ಮಾನ ಇರಬಹುದು. ಇಲ್ಲದಿದ್ದರೆ ಉಪನ್ಯಾಸಕ್ಕೆ ಆಹ್ವಾನ. ಎರಡಕ್ಕೂ ಸಿದ್ಧನಾಗಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಅಂಗಡಿಯವರಿಂದ ಇಸಿದುಕೊಂಡ ಲ್ಯಾಟೆಕ್ಸ್ ತುಂಡನ್ನು ಚೀಲದಲ್ಲಿಟ್ಟುಕೊಂಡು ಹೋದೆ.

ಮೇಲ್ವಿಚಾರಕರು ಗೇಟಿನಲ್ಲೇ ಕೈಕುಲುಕಿದರು. "ನೀವು ದೊಡ್ಡ ಉಪಕಾರ ಮಾಡಿದೀರಿ," ಎಂದು ಹೇಳಿ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಚಾಲಕರ ವಿಶ್ರಾಂತಿ ಕೊಠಡಿಯ ಬಾಗಿಲನ್ನು ಮೆಲ್ಲಗೆ ತೆಗೆದರು.

ಒಳಗೆ ಮಬ್ಬು ಬೆಳಕು. ಗೋಡೆಯುದ್ದಕ್ಕೂ ಮರದ ಬೆಂಚುಗಳು. ಬೆಂಚುಗಳ ಮೇಲೆ, ಶೂ ಬಿಚ್ಚಿಟ್ಟು, ಟವೆಲನ್ನು ತಲೆದಿಂಬು ಮಾಡಿಕೊಂಡು ಏಳು ಜನ ಡ್ರೈವರುಗಳು ಸಾಲಾಗಿ ಮಲಗಿದ್ದರು. ಒಬ್ಬರ ಬಾಯಿ ತೆರೆದಿತ್ತು. ಇನ್ನೊಬ್ಬರ ಕೈ ನೆಲಕ್ಕೆ ಜೋತುಬಿದ್ದಿತ್ತು. ಕಿಟಕಿಯ ಕಟ್ಟೆಯ ಮೇಲಿದ್ದ ಫೋನಿನಿಂದ ಒಂದು ಧ್ವನಿ ಬರುತ್ತಿತ್ತು.

"...ಹೀಗೆ ಸೋಪಿನಿಂದ ಎದ್ದ ನೊರೆಯನ್ನು ಈಗ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ಎಂದರೆ ಸಾಮಾನ್ಯ ಅಚ್ಚಲ್ಲ..."

ನನ್ನ ಧ್ವನಿ. ಕೆಳಗೆ ಬರೀ ಮರದ ಹಲಗೆ. ಆ ಕೊಠಡಿಯಲ್ಲಿದ್ದ ಲ್ಯಾಟೆಕ್ಸೆಂದರೆ ನನ್ನ ಚೀಲದಲ್ಲಿದ್ದ ತುಂಡೊಂದೇ.

ಅಷ್ಟರಲ್ಲಿ ಫೋನಿನಲ್ಲಿ ನಾನು ಜೋರಾಗಿ ಕೆಮ್ಮಿದೆ. ಮೂಲೆಯ ಬೆಂಚಿನವರು ಬೆಚ್ಚಿಬಿದ್ದು, "ಯಾವ ಸ್ಟಾಪು" ಎಂದು ಗೊಣಗಿ ಮತ್ತೆ ಮಲಗಿದರು.

ಮೇಲ್ವಿಚಾರಕರು ಬಾಗಿಲು ಮುಚ್ಚಿ ಪಿಸುಗುಟ್ಟಿದರು. "ನೋಡಿದ್ರಲ್ಲ, ಅದೊಂದೇ ತೊಂದರೆ. ಆ ಕೆಮ್ಮಿಗೆ ದಿನಾ ಯಾರಾದ್ರೂ ಒಬ್ಬರು ಎಚ್ಚರ ಆಗ್ತಾರೆ. ಕೆಮ್ಮು ಇಲ್ಲದೆ ಇನ್ನೊಂದು ಸಲ ಮಾಡಿಕೊಡೋಕೆ ಆಗುತ್ತಾ? ಎರಡು ಪಾಳಿ ನಡುವೆ ನಮ್ಮವರಿಗೆ ಕಣ್ಣು ಮುಚ್ಚೋಕೇ ಆಗ್ತಿರ್ಲಿಲ್ಲ. ಈಗ ಐದು ನಿಮಿಷಕ್ಕೆ ಎಲ್ಲರೂ ಔಟು. ಬಸ್ ಓಡಿಸೋವಾಗ ಮಾತ್ರ ಇದನ್ನ ಹಾಕಬಾರದು ಅಂತ ನೋಟೀಸು ಹಚ್ಚಿದ್ದೀನಿ."

ನೋಟೀಸು ನಿಜವಾಗಿಯೂ ಇತ್ತು. ಕೆಳಗೆ ಅವರ ಸಹಿ, ಮೊಹರು.

"ಹಾಸಿಗೆ ಬಗ್ಗೆ ಯಾರಾದ್ರೂ ಏನಾದ್ರೂ..." ಎಂದು ನಾನು ಕೇಳಿದೆ.

"ಯಾವ ಹಾಸಿಗೆ?" ಎಂದರು ಅವರು.

ಮನೆಗೆ ಬಂದವನೇ ಚೀಲವನ್ನು ಮೂಲೆಗೆ ಎಸೆದು ಹೆಂಡತಿಯ ಎದುರು ನಿಂತೆ. ಅವಳು ಸಮವಸ್ತ್ರದ ಗುಂಡಿ ಹೊಲಿಯುತ್ತಿದ್ದಳು. ಅಮ್ಮ ಪಕ್ಕದಲ್ಲಿ ದಾರ ಪೋಣಿಸಿಕೊಡುತ್ತಿದ್ದಳು.

"ಹಾಗಾದ್ರೆ ಹಾಸಿಗೆಯಿಂದ ಏನೂ ಆಗ್ಲಿಲ್ಲ?"

"ಹಾಸಿಗೆ ಚೆನ್ನಾಗಿದೆ," ಎಂದಳು. "ಯಾರು ಇಲ್ಲ ಅಂದ್ರು? ಆದ್ರೆ ನೀವು ಊರಲ್ಲಿಲ್ಲದ ಮೊದಲನೇ ದಿನ ಅದೇ ಹಾಸಿಗೆ ಮೇಲೆ ಹತ್ತು ಗಂಟೆವರೆಗೂ ಕಣ್ಣುಬಿಟ್ಕೊಂಡಿದ್ದೆ. ಆಮೇಲೆ ಅತ್ತೆ ಹತ್ತಿ ಹಾಸಿಗೆಗೆ ಹೋಗಿ ರೆಕಾರ್ಡ್ ಹಾಕ್ಕೊಂಡೆ. ನೊರೆ ಬರೋಷ್ಟರಲ್ಲಿ ಇಬ್ಬರೂ ಮಲಗಿದ್ವಿ."

"ನಾನು ಗಂಧಕಕ್ಕೇ ಮಲಗಿದ್ದೆ," ಎಂದು ಅಮ್ಮ ತಿದ್ದಿದಳು.

"ಅಂದ್ರೆ ನನ್ನ ಮಾತು ಅಷ್ಟು ಬೇಜಾರು ಅಂತ ತಾನೇ?"

ಅವಳು ದಾರ ಕಡಿದು ಸೂಜಿಯನ್ನು ಚುಚ್ಚಿಟ್ಟಳು. "ಬೇಜಾರು ಅಲ್ಲ ಕಣ್ರೀ. ದಿನವಿಡೀ ನನ್ನ ಕಿವೀಲಿ ಹಾರನ್ನು, ಜಗಳ, ಬೆಲ್ಲು. ರಾತ್ರಿ ನೀವು ಒಂದೇ ಧ್ವನೀಲಿ ಮರ, ಹಾಲು, ಬಟ್ಟಲು ಅಂತ ಹೇಳ್ತಾ ಹೋದ್ರೆ, ಇನ್ನು ಏನೂ ಆಗಲ್ಲ, ಎಲ್ಲಾ ಸರಿಯಾಗಿದೆ ಅನ್ಸುತ್ತೆ. ಅದೂ ಅಲ್ದೆ, ಮಾತಾಡೋವಾಗ ನೀವು ಹೊರಳಾಡಲ್ಲ. ಸಾಕ್ಷಿ ಹೇಳೋರ ಥರ ಕೈಕಟ್ಟಿ ನೆಟ್ಟಗೆ ಮಲಗಿರ್ತೀರಿ." ಸಮವಸ್ತ್ರ ಮಡಿಸುತ್ತಾ ಹೇಳಿದಳು, "ಹೊಸ ಡ್ಯೂಟಿ ಪಟ್ಟಿ ಬಂತು. ಅದೇ ಮೊದಲ ಬಸ್ಸು. ನಾನು ಇಲ್ಲೇ ಮಲಗ್ತೀನಿ, ಎಲ್ಲೂ ಹೋಗಲ್ಲ."

ಅಮ್ಮ ಎದ್ದುಹೋದಳು. ಟ್ರಂಕನ್ನು ಕಿಟಕಿಯ ಪಕ್ಕಕ್ಕೆ ವಾಪಸು ಎಳೆಯುವ ಸದ್ದು ಒಳಗಿನಿಂದ ಕೇಳಿಸಿತು. ನನಗೆ ಒಳಗೊಳಗೇ ಹಗುರವಾಯಿತು. ಆದರೆ ಅವಮಾನವೂ ಆಗಿತ್ತಲ್ಲ, ಅದನ್ನೂ ಸುಮ್ಮನೆ ಬಿಡುವ ಹಾಗಿರಲಿಲ್ಲ.

ಎಂಟೂವರೆಗೆ ದೀಪ ಆರಿತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

"ಇನ್ನೂ ಶುರು ಆಗ್ಲಿಲ್ವಾ?" ಎಂದಳು.

"ಇವತ್ತು ಉಪನ್ಯಾಸ ಇಲ್ಲ."

"ಕೋಪಾನಾ?"

"ಇಲಾಖೆಯವರಿಗೆ ಕೋಪ ಬರಲ್ಲ."

ಅವಳು ದಿಂಬಿನ ಪಕ್ಕದಲ್ಲಿದ್ದ ಫೋನನ್ನು ಒತ್ತಿದಳು. "ನಮಸ್ಕಾರ. ಲ್ಯಾಟೆಕ್ಸ್ ಎಂದರೆ ಮೂಲತಃ..." ಎಂದು ಫೋನಿನಲ್ಲಿ ನಾನು ಶುರುಮಾಡಿದೆ. ನನ್ನ ಉಪನ್ಯಾಸವನ್ನು ನಾನೇ ಕೇಳುವ ಅವಕಾಶ ಅದೇ ಮೊದಲು. ಜನಕ್ಕೆ ನಿದ್ದೆ ಬರುವುದು ಅವರ ಬುದ್ಧಿಯ ಕೊರತೆಯಿಂದಲೇ ಹೊರತು ನನ್ನ ಮಾತಿನ ದೋಷದಿಂದಲ್ಲ ಎಂದು ಸಾಬೀತುಪಡಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರಿಲ್ಲ. ಕೆಮ್ಮಿನ ಜಾಗವನ್ನೂ ಗುರುತು ಹಾಕಿಕೊಳ್ಳಬಹುದು. ನಾನು ಕಿವಿ ನಿಮಿರಿಸಿ ಆಲಿಸತೊಡಗಿದೆ. ತೊಗಟೆಯನ್ನು ಓರೆಯಾಗಿ ಕೊಯ್ಯುವ ಭಾಗ ಬಂತು. ಚೆನ್ನಾಗಿಯೇ ಹೇಳಿದ್ದೆ.

ಅಮ್ಮ ನನ್ನ ಭುಜ ಅಲುಗಿಸುತ್ತಿದ್ದಳು. ಕಿಟಕಿಯ ತುಂಬ ಬಿಸಿಲಿತ್ತು. ಪಕ್ಕದ ದಿಂಬಿನ ಮೇಲೆ ತಲೆ ಒತ್ತಿದ ಗುರುತಿತ್ತು. ಗಡಿಯಾರದಲ್ಲಿ ಹತ್ತು ಗಂಟೆ.

"ಏಳೋ. ಅವಳು ಆಗಲೇ ಎರಡು ಟ್ರಿಪ್ ಮುಗಿಸಿದ್ಲಂತೆ. ನಿನ್ನೆ ನೀನು ಬಟ್ಟಲು ತುಂಬೋ ಮುಂಚೆನೇ ಗೊರಕೆ ಹೊಡೆದ್ಯಂತೆ. ಬೆಳಗಿನ ತನಕ ಒಂದು ಸಲಾನೂ ಮಗ್ಗುಲು ಬದಲಾಯಿಸ್ಲಿಲ್ವಂತೆ. ಇನ್ಮೇಲೆ ದಿನಾ ನಿನಗೇ ಅದನ್ನ ಹಾಕ್ತಾಳಂತೆ."

ನಾನು ಕಚೇರಿ ತಲುಪಿದಾಗ ಹನ್ನೊಂದು ದಾಟಿತ್ತು. ಹದಿನೆಂಟು ವರ್ಷದ ಸೇವೆಯಲ್ಲಿ ಒಂದು ನಿಮಿಷವೂ ತಡವಾಗಿ ಬಾರದ ಪರೀಕ್ಷಕನ ಮುಂದೆ ಮುಖ್ಯಸ್ಥರು ಹಾಜರಿ ಪುಸ್ತಕವನ್ನು ಸರಿಸಿದರು. ತಡವಾದದ್ದಕ್ಕೆ ಕಾರಣ ಎಂಬ ಕಾಲಂ ಖಾಲಿ ಇತ್ತು. ಸುಳ್ಳು ಲೆಕ್ಕ ಬರೆದವರನ್ನು ಹಿಡಿಯುವುದೇ ನನ್ನ ಕೆಲಸವಾದ್ದರಿಂದ, ಇದ್ದದ್ದನ್ನು ಇದ್ದ ಹಾಗೆಯೇ ಬರೆದೆ: ಸ್ವಂತ ಉಪನ್ಯಾಸ ಕೇಳಿದ್ದು.